ಫ್ಲ್ಯಾಟ್ ನಂಬರ್ ಇಲ್ಲದ ಮಾತು

ದೆಹಲಿಯ ಚಳಿಗೆ ದೋಸೆ ಹಿಟ್ಟು ಉಬ್ಬುವುದಿಲ್ಲ. ಮಯೂರ್ ವಿಹಾರಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರು ಮೊದಲ ಡಿಸೆಂಬರಿನಲ್ಲೇ ಇದನ್ನು ಕಲಿಯುತ್ತಾರೆ. ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆ ಮುಚ್ಚಳ ತೆಗೆದರೆ ಸುಣ್ಣದ ತಿಳಿಯಂತೆ ತಣ್ಣಗೆ ಕೂತಿರುತ್ತದೆ. ನನ್ನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಆ ಚಳಿಯಿಂದ. ಬೇಸಿಗೆಯಲ್ಲಿ ಮನೆಯಲ್ಲೇ ರುಬ್ಬಿಕೊಳ್ಳುವವರೂ ಚಳಿಗಾಲಕ್ಕೆ ನನ್ನ ಹಿಟ್ಟು ತೆಗೆದುಕೊಳ್ಳುತ್ತಿದ್ದರು. ಹಿಟ್ಟು ಮಾರುವ ಬೇರೆಯವರು ಸೋಡಾ ಹಾಕಿ ಉಬ್ಬಿಸುತ್ತಿದ್ದರು. ನಾನು ಹಾಕಿದವನಲ್ಲ. ಈ ಮಾತನ್ನು ಈಗಲೂ ಎದೆ ತಟ್ಟಿಕೊಂಡೇ ಹೇಳುತ್ತೇನೆ. ಮುಂದೆ ಬರೆಯಬೇಕಾದ್ದರಲ್ಲಿ ಎದೆ ತಟ್ಟಿಕೊಳ್ಳುವಂಥದ್ದು ಹೆಚ್ಚಿಲ್ಲ.

ಸೋಡಾ ಇಲ್ಲದೆ ಹಿಟ್ಟು ಉಬ್ಬಬೇಕಾದರೆ ಬೆಚ್ಚಗಿನ ಜಾಗ ಬೇಕು. ನನ್ನ ಬಾಡಿಗೆ ಕೋಣೆಗೆ ಬಿಸಿಲೂ ಇರಲಿಲ್ಲ, ಹೀಟರ್ ಹಾಕಿದರೆ ಮಾಲೀಕ ಮೀಟರ್ ನೋಡಲು ಬರುತ್ತಿದ್ದ. ಬೆಚ್ಚಗಿನ ಜಾಗ ಇದ್ದದ್ದು ನಾನು ಹಿಟ್ಟು ಹಾಕುತ್ತಿದ್ದ ಹೌಸಿಂಗ್ ಸೊಸೈಟಿಯ ಗೇಟಿನ ಹತ್ತಿರ, ಇಸ್ತ್ರಿಯವಳ ಹತ್ತಿರ. ಬೇವಿನ ಮರದ ಕೆಳಗೆ ಅವಳ ಮೇಜು, ಹಿಂದೆ ಕಾಂಪೌಂಡ್ ಗೋಡೆಗೆ ಒರಗಿಸಿ ಕಟ್ಟಿದ ತಗಡಿನ ಮಾಡು. ಗಂಡ ನೊಯಿಡಾ ಕಡೆ ರಿಕ್ಷಾ ತುಳಿಯುತ್ತಿದ್ದ. ಅವರಿಬ್ಬರು, ಎರಡು ಮಕ್ಕಳು ಆ ಮಾಡಿನಲ್ಲೇ ಇದ್ದರು. ಸಂಜೆ ಕೆಲಸ ಮುಗಿದ ಮೇಲೆ ಇಸ್ತ್ರಿ ಪೆಟ್ಟಿಗೆಯ ಕೆಂಡವನ್ನೆಲ್ಲ ಅವಳು ಅಂಗೀಠಿಗೆ, ಅಂದರೆ ಅಗ್ಗಿಷ್ಟಿಕೆಗೆ, ಸುರಿದು ಮೇಲೆ ಬೂದಿ ಮುಚ್ಚುತ್ತಿದ್ದಳು. ಬೂದಿಯೊಳಗಿನ ಕೆಂಡ ಬೆಳಗಿನವರೆಗೂ ಹದವಾದ ಬಿಸಿ ಕೊಡುತ್ತದೆ. ನಾನು ಹಿಟ್ಟಿನ ಡಬ್ಬಿಗಳನ್ನು ಹಳೆ ರಜಾಯಿ ಸುತ್ತಿ ಅದರ ಸುತ್ತ ಇಟ್ಟುಬಿಡುತ್ತಿದ್ದೆ. ಮಗುವಿಗೆ ಎಚ್ಚರವಾದಾಗ ಅವಳೂ ಎದ್ದು ಡಬ್ಬಿಗಳನ್ನು ಒಂದೊಂದು ಸುತ್ತು ತಿರುಗಿಸುತ್ತಿದ್ದಳಂತೆ. ತಿರುಗಿಸಲು ನಾನು ಹೇಳಿರಲಿಲ್ಲ. ಒಂದು ಬದಿ ಮಾತ್ರ ಬಿಸಿಯಾಗುತ್ತದೆ ಎಂದು ಅವಳೇ ನೋಡಿ ತಿಳಿದುಕೊಂಡಿದ್ದಳು. ನನ್ನನ್ನು ಭಯ್ಯಾ ಎನ್ನುತ್ತಿದ್ದಳು. ತರಕಾರಿಯವನಿಗೆ, ಹಾಲಿನವನಿಗೆ ಎಲ್ಲರೂ ಅನ್ನುವ ಭಯ್ಯಾ ಅದು, ಹೆಚ್ಚಿನದೇನಲ್ಲ. ಆದರೆ ಅವಳು ಅಂದಾಗ ನಾವಿಬ್ಬರೂ ಗೇಟಿನ ಒಂದೇ ಕಡೆಯವರು ಅನ್ನಿಸುತ್ತಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟಮೇಲೆ ಊರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಮದುವೆ ಕಾಗದ, ಪಂಚಾಯಿತಿ ಚುನಾವಣೆಯ ಕರಪತ್ರ, ಒಂದು ವಾರಪತ್ರಿಕೆ. ಎಂಥ ಕಾಗೆಕಾಲು ಅಕ್ಷರವಾದರೂ ಓದಿಬಿಡುತ್ತಿದ್ದೆ. ಕಂಪ್ಯೂಟರ್ ಬಂದು ಪ್ರೆಸ್ಸು ಮುಚ್ಚಿತು. ಅಡುಗೆಯವರೊಬ್ಬರ ಬೆನ್ನು ಹಿಡಿದು ದೆಹಲಿಗೆ ಬಂದು, ಅವರಿವರ ಅಡುಗೆಮನೆಯಲ್ಲಿ ದುಡಿದು, ಕೊನೆಗೆ ಗ್ರೈಂಡರ್ ಕೊಂಡು ಸ್ವಂತ ಕೆಲಸ ಶುರು ಮಾಡಿದೆ. ಯಾರ ಶಿಫಾರಸೂ ಇಲ್ಲದೆ ನಿಂತವನು ನಾನು ಎಂಬ ಜಂಭ ಇತ್ತು. ಓದಿದವರ ನಡುವೆ ನಿಂತಾಗ ಆ ಜಂಭ ಇನ್ನೂ ಸ್ವಲ್ಪ ನೆಟ್ಟಗಾಗುತ್ತಿತ್ತು.

ಆ ಸೊಸೈಟಿಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ಕೇಂದ್ರ ಸರ್ಕಾರದ ಕೆಲಸದಲ್ಲಿದ್ದ ಕನ್ನಡದವರು. ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದ ಕಾಲ. ಒಂದು ವರ್ಷ ಎಲ್ಲೆಲ್ಲೂ ಮೀಸಲಾತಿಯ ಜಗಳ ಎದ್ದಿತ್ತು. ಅದು ಇವರ ವಾರ್ಷಿಕ ಸಭೆಗೂ ನುಗ್ಗಿ, ಲಿಫ್ಟ್ ರಿಪೇರಿಯ ಮಾತು ಬಿಟ್ಟು ಜಾತಿಯ ಮಾತಾಗಿ, ಒಂದು ಪ್ಲಾಸ್ಟಿಕ್ ಕುರ್ಚಿ ಕಾಲು ಮುರಿದುಕೊಂಡಿತು. ಮುರಿದವರು ಯಾರು ಎಂದು ಕಡೆಗೂ ತೀರ್ಮಾನವಾಗಲಿಲ್ಲ. ಆ ಜಗಳದಿಂದ ನಾಚಿಕೊಂಡವರು ಇಬ್ಬರು. ಒಬ್ಬರು ನಿವೃತ್ತ ಅಧಿಕಾರಿ. ಹಳೆಯ ಪದ್ಧತಿ, ನಿಯಮ, ಶಿಸ್ತು ಎಂದರೆ ಅವರಿಗೆ ಪ್ರಾಣ. ಇನ್ನೊಬ್ಬರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮೇಡಂ. ಅವರಿಗೆ ಹಳೆಯದು ಎಂದರೆ ಮೊದಲು ಪ್ರಶ್ನೆ ಕೇಳಬೇಕಾದ್ದು. ಇಬ್ಬರೂ ಮೆಟ್ಟಿಲ ಮೇಲೆ ನಿಂತು ಮಾತಾಡಿಕೊಂಡು, ಜಗಳವನ್ನು ಸಭೆಯಲ್ಲಿ ಆಡುವುದು ಬೇಡ, ಬರೆದು ಆಡೋಣ ಎಂದು ಒಪ್ಪಿಕೊಂಡರು. ಹಾಗೆ ಕಂಪ್ಯೂಟರಿನಲ್ಲಿ ಒಂದು ಕನ್ನಡ ಬ್ಲಾಗ್ ಶುರುವಾಯಿತು.

ಅದಕ್ಕೆ ಎರಡು ನಿಯಮ. ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರ ವಾದವನ್ನು ನಿಮ್ಮ ಮಾತಿನಲ್ಲಿ ಬರೆಯಬೇಕು. ಅವರು 'ಹೌದು, ನಾನು ಹೇಳಿದ್ದು ಇದೇ' ಎಂದ ಮೇಲೆಯೇ ನಿಮ್ಮ ಉತ್ತರ. ಎರಡನೆಯದು, ಮಾತಿನ ಕೆಳಗೆ ಹೆಸರು ಮತ್ತು ಫ್ಲ್ಯಾಟ್ ನಂಬರ್ ಇರಬೇಕು. ಶುರುವಿನಲ್ಲಿ ಯಾರೋ ಹೆಸರಿಲ್ಲದೆ ಮೇಡಂ ಮೇಲೆ ಹೊಲಸು ಬರೆದಿದ್ದರಿಂದ ಬಂದ ನಿಯಮ ಇದು. ಇದನ್ನೆಲ್ಲ ನೋಡಿಕೊಳ್ಳಲು, ಯಾವುದು ಹಾಕಬೇಕು ಯಾವುದು ಬಿಡಬೇಕು ಎನ್ನಲು ನಡುವೆ ಒಬ್ಬ ಬೇಕಾಯಿತು. ಅವರಿಬ್ಬರೂ ಒಪ್ಪುವ ಮನುಷ್ಯ ಆ ಕಟ್ಟಡಗಳಲ್ಲಿ ಒಬ್ಬನೂ ಸಿಗಲಿಲ್ಲ. ಆಗ ಆ ನಿವೃತ್ತ ಅಧಿಕಾರಿಗಳು ನನ್ನ ಹೆಸರು ಹೇಳಿದರಂತೆ. ಎರಡೂ ಮನೆಯ ಬಾಗಿಲಿಗೆ ದಿನಾ ಹೋಗುವವನು, ಎರಡೂ ಕಡೆಯ ಅಕ್ಷರ ಓದಬಲ್ಲವನು.

ನಾನು ಸುಮ್ಮನೆ ಹೂಂ ಅಂದೆ. ಒಳಗೆ ಹಿಗ್ಗಿದ್ದನ್ನು ತೋರಿಸಿಕೊಳ್ಳಲಿಲ್ಲ.

ಹಿರಿಯರಿಗೆ ಕನ್ನಡ ಟೈಪ್ ಮಾಡಲು ಬರುತ್ತಿರಲಿಲ್ಲ. ಅವರು ಚೀಟಿಯಲ್ಲಿ ಬರೆದು, ತೊಳೆದು ಒರೆಸಿದ ಖಾಲಿ ಡಬ್ಬಿಯೊಳಗೆ ಸುರುಳಿ ಸುತ್ತಿ ಇಡುತ್ತಿದ್ದರು. ಬೆಳಿಗ್ಗೆ ಹಿಟ್ಟು ಕೊಟ್ಟು ವಾದ ತೆಗೆದುಕೊಂಡು ಬರುವುದು. ಮಧ್ಯಾಹ್ನ ಮಾರ್ಕೆಟ್ಟಿನ ಸೈಬರ್ ಕೆಫೆಯಲ್ಲಿ ಕೂತು ಟೈಪ್ ಮಾಡಿ ಹಾಕುವುದು. ಹಬ್ಬಕ್ಕೆ ಮೈಕು ಬೇಕೇ, ಬಾಡಿಗೆಯ ಹುಡುಗರು ಮೀನು ಬೇಯಿಸಬಹುದೇ, ದೇಶಭಕ್ತಿ ಎಂದರೇನು, ಎಲ್ಲವೂ ಬಂತು. ಮೀನಿನ ವಾದದಲ್ಲಿ ಒಬ್ಬ ಅಜ್ಜಿ ಹುಡುಗರ ವಾದವನ್ನು ಎಷ್ಟು ಚೆನ್ನಾಗಿ ಬರೆದರೆಂದರೆ, ಹುಡುಗರು ತಮ್ಮ ಪರವಾಗಿ ಅದನ್ನೇ ಇಟ್ಟುಕೊಂಡರು. ಅಜ್ಜಿ ಕಡೆಗೆ 'ಕಿಟಕಿ ಮುಚ್ಚಿಕೊಂಡು ಬೇಯಿಸಿಕೊಳ್ಳಿ' ಎಂದು ರಾಜಿಯಾದರು. ಬೇರೆ ಸೊಸೈಟಿಯವರೂ, ಇಂದಿರಾಪುರಂನ ಕಂಪ್ಯೂಟರ್ ಹುಡುಗರೂ ಓದತೊಡಗಿದರು. ಇಷ್ಟು ಮರ್ಯಾದೆಯ ಜಗಳ ನಾವು ನೋಡಿಲ್ಲ ಎಂದು ಈಮೇಲ್ ಬರೆದರು. ಅದರಲ್ಲಿ ನನ್ನ ಕೈಯೂ ಇದೆ ಎಂದು ನನಗೆ ಗೊತ್ತಿತ್ತು.

ಆ ಚಳಿಗಾಲದಲ್ಲಿ ಸೊಸೈಟಿಯ ಕಮಿಟಿ ಗೇಟಿನ ಒಳಗೆ ಕಾವಲಿನವರಿಗೆ ಕೋಣೆ ಕಟ್ಟಿಸಿ, ಕಾರುಗಳಿಗೆ ಎರಡನೇ ಗೇಟ್ ತೆರೆಯಬೇಕೆಂದು ಹೊರಟಿತು. ಇಸ್ತ್ರಿಯವಳ ಮೇಜು, ಮಾಡು ಎರಡೂ ಆ ಗೇಟಿಗೆ ಅಡ್ಡವಾಗಿ ಹೊರಗಿನ ಫುಟ್‌ಪಾತಿನಲ್ಲಿದ್ದವು. ಬ್ಲಾಗಿನಲ್ಲಿ ವಾದ ಶುರುವಾಯಿತು.

ಅಧಿಕಾರಿಗಳು ಬರೆದರು: ಫುಟ್‌ಪಾತು ನಮ್ಮದಲ್ಲ, ನಮ್ಮದಲ್ಲದ್ದನ್ನು ಯಾರಿಗೋ ಕೊಟ್ಟು ದಾನಿಗಳೆನಿಸಿಕೊಳ್ಳುವ ಹಕ್ಕು ನಮಗಿಲ್ಲ. ಮೇಡಂ ಬರೆದರು: ಇಷ್ಟು ವರ್ಷ ಅವಳ ಕೆಲಸ ಪಡೆದು, ಈಗ ಕಾರು ಹೆಚ್ಚಾದವೆಂದು ನಿಯಮ ನೆನಪಿಸಿಕೊಳ್ಳುವುದು ನಿಯಮವಲ್ಲ, ಅನುಕೂಲ. ಇಬ್ಬರೂ ಒಬ್ಬರ ವಾದವನ್ನು ಇನ್ನೊಬ್ಬರು ಎತ್ತಿ ಬರೆದು, ತಿದ್ದಿಸಿಕೊಂಡು, ಮತ್ತೆ ಬರೆದರು. ತಮಾಷೆ ಎಂದರೆ, ಮನೆಯ ದಿಂಬಿನ ಚೀಲದವರೆಗೂ ಅವಳ ಹತ್ತಿರ ಇಸ್ತ್ರಿ ಮಾಡಿಸುತ್ತಿದ್ದವರು ಅಧಿಕಾರಿಗಳು. ಮೇಡಂ ಮಾತ್ರ, ಒಮ್ಮೆ ಒಂದು ರೇಷ್ಮೆ ಸೀರೆಯ ಅಂಚು ಸುಟ್ಟ ಮೇಲೆ ಮನೆಯಲ್ಲೇ ಕರೆಂಟಿನ ಇಸ್ತ್ರಿ ಇಟ್ಟುಕೊಂಡಿದ್ದರು. ವಾದಕ್ಕೂ ಬಟ್ಟೆಗೂ ಸಂಬಂಧವಿರಲಿಲ್ಲ. ಅದು ನನಗೆ ಆಗ ದೊಡ್ಡ ಗುಣವಾಗಿ ಕಂಡಿತ್ತು.

ಆ ದಿನಗಳಲ್ಲೇ ಕಮಿಟಿಯವರ ನೆಂಟನೊಬ್ಬ, ಬೇರೆ ಸೊಸೈಟಿಯವನು, ಮಾಡು ಕಿತ್ತು ಬಿಸಾಡಿ ಎಂದು ಬರೆದು ಕಳಿಸಿದ. ಇಲ್ಲಿನ ಫ್ಲ್ಯಾಟ್ ನಂಬರ್ ಇಲ್ಲವೆಂದು ನಾನು ಹಾಕಲಿಲ್ಲ. ಅಧಿಕಾರಿಗಳಿಗೆ ಆ ನೆಂಟನ ಅಭಿಪ್ರಾಯ ಅನುಕೂಲವೇ ಆಗಿತ್ತು, ಆದರೂ ಬಾಗಿಲಲ್ಲಿ ನನ್ನ ಭುಜ ತಟ್ಟಿ, "ಭೇಷ್ ಕಣಪ್ಪಾ. ನೀನು ಜಡ್ಜ್ ಆಗಬೇಕಾದವನು" ಅಂದರು. ಅವತ್ತು ಸ್ಕೂಟರ್ ಓಡಿಸಿದ್ದು ನನಗೆ ನೆನಪಿಲ್ಲ, ತೇಲಿಕೊಂಡೇ ಹೋಗಿರಬೇಕು.

ಅದಾದ ಮೇಲೆ ಒಂದು ಬೆಳಿಗ್ಗೆ ಡಬ್ಬಿ ಎತ್ತಿಕೊಳ್ಳಲು ಹೋದಾಗ ಇಸ್ತ್ರಿಯವಳು ಮಾತು ತೆಗೆದಳು. ಕಂಪ್ಯೂಟರಿನಲ್ಲಿ ಅವಳ ಬಗ್ಗೆ ಬರೆಯುತ್ತಿದ್ದಾರೆಂದು ಕಾವಲಿನವನು ಹೇಳಿದ್ದನಂತೆ.

"ನೀವೇ ಅಲ್ವಾ ಭಯ್ಯಾ ಬರೆದು ಹಾಕೋದು?"

ಹೌದು ಅಂದೆ.

"ನಂದೂ ಹಾಕಿ. ಹೋಗು ಅಂದ್ರೆ ಹೋಗ್ತೀನಿ, ಜಾಗ ನಮ್ಮಪ್ಪಂದಲ್ಲ. ಹೋಳಿ ಆಗ್ಲಿ ಅಂತ ಹಾಕಿ. ಈ ಥಂಡಿಯಲ್ಲಿ ಚಿಕ್ಕದನ್ನ ಎತ್ಕೊಂಡು ಎಲ್ಲಿ ಮಲಗಲಿ?" ಅಂದಳು. ಆಮೇಲೆ ರಜಾಯಿ ಮಡಿಸುತ್ತ, "ಎಲ್ಲರ ಬಟ್ಟೆ ನನ್ನ ಹತ್ರ ಬರುತ್ತೆ. ಮಾತು ಮಾತ್ರ ಬರಲ್ಲ," ಎಂದು ನಕ್ಕಳು.

ಅಷ್ಟೇ ಅವಳು ಕೇಳಿದ್ದು. ಉಳಿಸಿ ಎಂದಲ್ಲ, ಚಳಿ ಕಳೆಯಲಿ ಎಂದು.

ನಾನು ಅವಳಿಗೆ ನಿಯಮ ವಿವರಿಸಿದೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ, ಆದರೆ ವಿವರಿಸಿದ್ದು ನಿಜ. ಫ್ಲ್ಯಾಟ್ ನಂಬರ್ ಇದ್ದವರದು ಮಾತ್ರ ಹಾಕುವುದು, ಮೊನ್ನೆ ಕಮಿಟಿಯ ನೆಂಟನದನ್ನೇ ಬಿಟ್ಟಿದ್ದೇನೆ, ನಿನ್ನದು ಹಾಕಿದರೆ ಅವನದೂ ಹಾಕಬೇಕಾಗುತ್ತದೆ ಎಂದೆ. ಅವಳು ಗಮನವಿಟ್ಟು ಕೇಳಿದಳು. "ನಿಮ್ಮದು ಯಾವ ನಂಬರ್ ಭಯ್ಯಾ?" ಎಂದು ಕೇಳಿದಳು. ಕುಹಕವೇನೂ ಇರಲಿಲ್ಲ, ನಾನೂ ಒಳಗಿನವನೇ ಇರಬೇಕೆಂದು ಅವಳು ನಂಬಿದ ಹಾಗಿತ್ತು. ನಾನು ಹೊರಗಿನವನು, ನನಗೆ ಅವರೇ ವಿನಾಯಿತಿ ಕೊಟ್ಟಿದ್ದಾರೆ ಎಂದು ಹೇಳಬೇಕಿತ್ತು. ಹೊತ್ತಾಯಿತೆಂದು ಸ್ಕೂಟರ್ ಒದ್ದೆ. "ಬಾಯಲ್ಲಾದ್ರೂ ಹೇಳಿ," ಎಂದಳು ಹಿಂದಿನಿಂದ. ಆಗಲಿ ಎನ್ನುವಂತೆ ಕೈ ಎತ್ತಿದೆ.

ಬಾಯಲ್ಲಿ ಹೇಳಲು ಅಡ್ಡಿ ಏನಿತ್ತು? ಆ ಕ್ಷಣದಿಂದ ಅರ್ಧ ಗಂಟೆಯೊಳಗೆ ನಾನು ಅಧಿಕಾರಿಗಳ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ಮೇಡಂ ಬಾಗಿಲಲ್ಲಿ. ಅವತ್ತಷ್ಟೇ ಅಲ್ಲ, ಮಾರನೆಯ ದಿನವೂ ಅದರ ಮಾರನೆಯ ದಿನವೂ ನಿಂತೆ. ಒಂದು ವಾಕ್ಯ. ಡಬ್ಬಿ ಕೈ ಬದಲಾಯಿಸುವಷ್ಟು ಹೊತ್ತು ಸಾಕಿತ್ತು. ಆದರೆ ನನ್ನ ತಲೆಯಲ್ಲಿ ಇನ್ನೊಂದು ಲೆಕ್ಕ ಓಡುತ್ತಿತ್ತು. ನನ್ನ ಹಿಟ್ಟು ಉಬ್ಬುವುದೇ ಅವಳ ಅಂಗೀಠಿಯಿಂದ ಎಂದು ಸೊಸೈಟಿಯಲ್ಲಿ ಅನೇಕರಿಗೆ ಗೊತ್ತು. ನಾನು ಬಾಯಿ ಬಿಟ್ಟರೆ ತನ್ನ ಹಿಟ್ಟಿಗಾಗಿ ಮಾತಾಡುತ್ತಾನೆ ಅನ್ನುತ್ತಾರೆ. ಜಡ್ಜ್ ಆಗಬೇಕಾದವನು ಅನ್ನಿಸಿಕೊಂಡವನು ಹಿಟ್ಟಿನವನಾಗಿಬಿಡುತ್ತೇನೆ. ಹೀಗೆಂದು ಆಗ ಸ್ಪಷ್ಟವಾಗಿ ಯೋಚಿಸಿದೆನೋ ಇಲ್ಲವೋ ಹೇಳಲಾರೆ. ನಿಷ್ಪಕ್ಷಪಾತ ಎಂಬ ಮಾತನ್ನು ಮಾತ್ರ ಬಹಳ ಸಲ ಮನಸ್ಸಿನಲ್ಲಿ ಹೇಳಿಕೊಂಡೆ. ಪ್ರೆಸ್ಸಿನಲ್ಲಿದ್ದಾಗ ಆ ಪದಕ್ಕೆ ಎಷ್ಟೋ ಸಲ ಮೊಳೆ ಜೋಡಿಸಿದ್ದೆ.

ವಾದ ಮುಗಿಯಿತು. ಮುಗಿದದ್ದೂ ಎಷ್ಟು ಚೆಂದವಾಗಿ! ಮಾಡು ತೆಗೆಯುವುದು ಸರಿ ಎಂದು ಮೇಡಂ ಒಪ್ಪಲಿಲ್ಲ, ಆದರೆ ಅಧಿಕಾರಿಗಳ ವಾದದಲ್ಲಿ ದ್ವೇಷವಿಲ್ಲ ಎಂದು ಒಪ್ಪಿಕೊಂಡರು. ಕಮಿಟಿ ಅವಳಿಗೆ ಏನಾದರೂ ಪರಿಹಾರ ಕೊಡಬೇಕು ಎಂದು ಅಧಿಕಾರಿಗಳು ಒಪ್ಪಿಕೊಂಡರು. ಸಭೆಯಲ್ಲಿ ಕೈ ಎತ್ತಿಸಿದಾಗ ತೆಗೆಯಬೇಕು ಎನ್ನುವವರೇ ಹೆಚ್ಚಾದರು. ಜನವರಿ ಮುಗಿಯುವುದರೊಳಗೆ ಎಂದು ಕಮಿಟಿಯವರು ಬರೆದುಕೊಂಡರು. ಯಾವಾಗ ಎಂಬುದರ ಮೇಲೆ ಯಾರೂ ವಾದ ಮಾಡಿರಲಿಲ್ಲ, ಹಾಗಾಗಿ ಅದು ಅವರಿಗೆ ತೋಚಿದಂತಾಯಿತು. ಇಬ್ಬರೂ ಆ ವಾದದ ಕೊನೆಯ ಬರಹದಲ್ಲಿ ಪರಸ್ಪರ ವಂದಿಸಿದರು, ನನಗೂ ವಂದಿಸಿದರು. ನಮ್ಮಿಬ್ಬರ ನಡುವೆ ನಿಂತು ಒಮ್ಮೆಯೂ ಯಾವ ಕಡೆಗೂ ವಾಲದ ಮನುಷ್ಯ ಎಂದು ಬರೆದಿದ್ದರು. ಅಧಿಕಾರಿಗಳ ಚೀಟಿ ಡಬ್ಬಿಯಲ್ಲಿತ್ತು. ನನ್ನ ಹೊಗಳಿಕೆಯನ್ನು ಸೈಬರ್ ಕೆಫೆಯಲ್ಲಿ ಕೂತು ನಾನೇ ಟೈಪ್ ಮಾಡಿದೆ.

ಅವಳು ಹೋದ ದಿನ ಮಂಜು ಎಷ್ಟಿತ್ತೆಂದರೆ ಗೇಟಿನ ದೀಪ ಮಾತ್ರ ಕಾಣುತ್ತಿತ್ತು. ಕಾವಲಿನವರು ಬರುವ ಮೊದಲೇ ಅವಳೂ ಗಂಡನೂ ತಗಡು ಬಿಚ್ಚಿ, ಮೇಜನ್ನು ರಿಕ್ಷಾದ ಮೇಲೆ ಕಟ್ಟಿಕೊಂಡು ಹೋಗಿಬಿಟ್ಟಿದ್ದರು. ಬೇವಿನ ಬುಡದಲ್ಲಿ ನನ್ನ ಡಬ್ಬಿಗಳು ಸಾಲಾಗಿ ನಿಂತಿದ್ದವು. ರಜಾಯಿ ಸುತ್ತಿತ್ತು, ಗಾಳಿಗೆ ಹಾರದಂತೆ ಹಗ್ಗ ಬಿಗಿದಿತ್ತು, ಪಕ್ಕದಲ್ಲಿ ಬೂದಿಯ ಗುಡ್ಡೆ. ಕೈ ಇಟ್ಟೆ, ಬೂದಿ ಇನ್ನೂ ಬೆಚ್ಚಗಿತ್ತು. ಮನೆ ಬಿಚ್ಚುವ ಗಡಿಬಿಡಿಯಲ್ಲೂ ಡಬ್ಬಿ ತಿರುಗಿಸಿದ್ದಳು. ಹಿಟ್ಟು ಮುಚ್ಚಳ ಎತ್ತುವಂತೆ ಉಬ್ಬಿತ್ತು. ಅದನ್ನು ನಾನು ಮನೆಮನೆಗೆ ಹಾಕಿದೆ. ಅವತ್ತಿನ ಇಡ್ಲಿ ಹತ್ತಿಯ ಹಾಗೆ ಬಂದಿತ್ತೆಂದು ಆಮೇಲೆ ಒಬ್ಬರಲ್ಲ ಇಬ್ಬರು ಹೇಳಿದರು.

ನಾನು ಆಮೇಲೆ ಮರದ ಪೆಟ್ಟಿಗೆಯೊಳಗೆ ಬಲ್ಬ್ ಹಾಕಿ ಬಿಸಿ ಮಾಡಿಕೊಂಡೆ. ಮಾಲೀಕನಿಗೆ ಬಾಡಿಗೆ ಮೇಲೆ ಇಷ್ಟು ಎಂದು ಕೊಟ್ಟರೆ ಮುಗಿಯಿತು. ಇಷ್ಟು ಸುಲಭವಿತ್ತು ಎಂಬುದೂ ನನಗೆ ಚುಚ್ಚಿತು.

ಮಂಜು ಹರಿದು ಬಿಸಿಲು ಬರತೊಡಗಿದಾಗ ಒಂದು ಬೆಳಿಗ್ಗೆ ಅಧಿಕಾರಿಗಳು ಸುಕ್ಕು ಸುಕ್ಕು ಅಂಗಿಯಲ್ಲಿ ಬಾಗಿಲು ತೆರೆದರು. ಹೊಸದಾಗಿ ಬಂದ ಡ್ರೈಕ್ಲೀನಿಂಗ್ ಅಂಗಡಿಯವನನ್ನು ಬೈದರು. ಆಮೇಲೆ, "ಪಾಪ, ಆ ಚಳಿಯಲ್ಲಿ ಹೋದಳಲ್ಲಪ್ಪಾ. ಹೋಳಿವರೆಗೆ ಇರ್ತೀನಿ ಅಂತ ಒಂದು ಮಾತು ಅಂದಿದ್ರೆ ನಾನೇ ಕಮಿಟಿಗೆ ಹೇಳ್ತಿದ್ದೆ. ಎರಡು ತಿಂಗಳಿಗೆ ಯಾರು ಬೇಡ ಅಂತಿದ್ರು?" ಅಂದರು.

ಹೌದು ಸರ್, ಅಂದೆ. ಅಷ್ಟೇ ಅಂದದ್ದು.

ಹೋಳಿ ಕಳೆದ ಮೇಲೆ ನೊಯಿಡಾ ಹಾದಿಯಲ್ಲಿ, ಹೊಸ ಕಟ್ಟಡಗಳ ಎದುರು ಅವಳ ಮೇಜು ಕಂಡಿತು. ಮರವಿರಲಿಲ್ಲ, ನಾಲ್ಕು ಬಿದಿರಿಗೆ ಹಳೆ ಸೀರೆ ಕಟ್ಟಿದ್ದಳು. ಚಿಕ್ಕದು ಮೇಜಿನ ಕೆಳಗೆ ಆಡುತ್ತಿತ್ತು. ಚಳಿಯಲ್ಲಿ ಅದಕ್ಕೆ ಎದೆ ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದೆವು, ಈಗ ಅಡ್ಡಿಯಿಲ್ಲ ಎಂದಳು. ಇಸ್ತ್ರಿ ನಿಲ್ಲಿಸದೆಯೇ ಕೇಳಿದಳು: "ಹೋಳಿ ಅಂದಾಗ ಅವರು ಏನಂದ್ರು ಭಯ್ಯಾ?"

ನಾನು ಹೇಳಿದ್ದೇನೆಂದೇ ಅವಳು ನಂಬಿದ್ದಳು. ಕೈ ಎತ್ತಿದ್ದೆನಲ್ಲ.

"ಒಪ್ಪಲಿಲ್ಲ," ಅಂದೆ.

"ಸಾಹೇಬರೂ?" ಎಂದು ಅಧಿಕಾರಿಗಳನ್ನು ಕುರಿತು ಕೇಳಿದಳು.

"ಯಾರೂ ಒಪ್ಪಲಿಲ್ಲ."

"ಅಚ್ಛಾ," ಎಂದು ಅವಳು ಅಂಗಿಯ ತೋಳು ಮಗುಚಿದಳು.

ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ನಾನೇ ಮುಗಿಯಗೊಡಲಿಲ್ಲ. ಅವಳು ಎಲ್ಲಿದ್ದಾಳೆಂದು ಅಧಿಕಾರಿಗಳಿಗೆ ಬಾಯಿ ತಪ್ಪಿ ಹೇಳಿಬಿಟ್ಟೆ. ಅವರ ಮುಖ ಅರಳಿತು. ಒಳಗೆ ಹೋಗಿ ಬಟ್ಟೆಯ ದೊಡ್ಡ ಗಂಟು ತಂದು ನನ್ನ ಸ್ಕೂಟರಿನ ಮೇಲೆ ಹೇರಿದರು. ನಾನು ಕೇಳಿದೆ ಅಂತ ಹೇಳು ಅಂದರು. ಗಂಟು ಒಯ್ದು ಮೇಜಿನ ಮೇಲಿಟ್ಟು, ಸಾಹೇಬರದು ಎಂದೆ. ಅವಳು ಗಂಟನ್ನು ಬಿಚ್ಚಲಿಲ್ಲ, ಒಂದು ಬೆರಳಿನಿಂದ ನನ್ನ ಕಡೆ ಸರಿಸಿದಳು.

"ಅವರದ್ದು ಬೇಡ. ನನ್ನ ಮಗೂನ ಮುಟ್ಟಿ ಮಾತಾಡಿಸ್ತಿದ್ರು. ಎರಡು ತಿಂಗಳು ಕೊಡಲಿಲ್ಲ."

ಗಂಟಿನ ಮೇಲೆ ಕೈ ಇಟ್ಟುಕೊಂಡು ನಿಂತೆ. ವಾಪಸು ಒಯ್ದರೆ ಅಧಿಕಾರಿಗಳಿಗೆ ಏನು ಹೇಳುವುದು? ಇಲ್ಲೊಂದು ಸುಳ್ಳಿದೆ, ಅಲ್ಲೊಂದು ಸುಳ್ಳು ಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಎದುರಿನವರ ಮಾತನ್ನು ಅವರು ಒಪ್ಪುವಂತೆ ಹೇಳಿದ ಮೇಲೆಯೇ ನಿನ್ನ ಮಾತು ಎಂಬ ನಿಯಮವನ್ನು ಎಷ್ಟೋ ತಿಂಗಳು ಕಾದವನು ನಾನು. ಆ ಮುದುಕರು ಒಂದು ಸಲವೂ ಆಡದ ಮಾತನ್ನು ಅವರ ತಲೆಗೆ ಕಟ್ಟಿದ್ದೆ.

ಹೇಳಿದೆ. ನಾನು ಅವರನ್ನು ಕೇಳಲೇ ಇಲ್ಲ ಎಂದೆ. ಬರೆದೂ ಇಲ್ಲ, ಬಾಯಲ್ಲೂ ಹೇಳಲಿಲ್ಲ. ಕೇಳಿದ್ದರೆ ಸಾಹೇಬರೇ ಕೊಡಿಸುತ್ತಿದ್ದರು, ಆಮೇಲೆ ಅವರೇ ಹಾಗೆಂದರು. ನನಗೂ ಆ ಸೊಸೈಟಿಯಲ್ಲಿ ನಂಬರ್ ಇಲ್ಲ ಎಂದೂ ಹೇಳಿದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ ಮೇಜಿನ ಕೆಳಗೆ ಮಗುವಿನತ್ತ ನೋಡಿದಳು. ಆಮೇಲೆ ನನ್ನ ಕೈಯ ಕೆಳಗಿನಿಂದ ಗಂಟು ಎಳೆದುಕೊಂಡು ಬಿಚ್ಚಿದಳು. ಮೇಲಿದ್ದ ಅಂಗಿಯನ್ನು ಗುರುತಿಸಿದಳು, ಅದರ ಒಂದು ಗುಂಡಿ ಹಿಂದೆ ಅವಳೇ ಹಚ್ಚಿಕೊಟ್ಟದ್ದು. ನೀರು ಚಿಮುಕಿಸಿ ಇಸ್ತ್ರಿ ಶುರುಮಾಡಿದಳು. ಅಂಗಿ ಮುಗಿದು ಪೈಜಾಮ ಬಂತು.

"ಗುರುವಾರ ಬಂದು ತಗೊಂಡು ಹೋಗಿ," ಎಂದಳು ಕಡೆಗೆ, ತಲೆ ಎತ್ತದೆ. "ಸಾಹೇಬರಿಗೆ ನನ್ನ ನಮಸ್ತೆ ಹೇಳಿ. ಇದನ್ನಾದ್ರೂ ಹೇಳಿ, ಬಾಬೂಜಿ."

ಬಾಬೂಜಿ ಎಂದು ಅವಳು ಫ್ಲ್ಯಾಟಿನವರನ್ನು ಕರೆಯುತ್ತಿದ್ದಳು. ಗುರುವಾರ ಹೋದಾಗಲೂ ಹಾಗೇ ಕರೆದಳು, ಅದರ ಮುಂದಿನ ವಾರಗಳಲ್ಲೂ. ನಮಸ್ತೆಯನ್ನು ನಾನು ಗಂಟು ಕೊಟ್ಟ ದಿನವೇ, ಸ್ಕೂಟರ್ ನಿಲ್ಲಿಸಿದ ಕೂಡಲೇ ಮೆಟ್ಟಿಲು ಹತ್ತಿ ಹೋಗಿ ಅಧಿಕಾರಿಗಳಿಗೆ ಹೇಳಿದೆ. ಅದರ ಹಿಂದೆಯೇ ಉಳಿದದ್ದನ್ನೂ ಹೇಳಿದೆ. ನಾಳೆಯಿಂದ ಹಿಟ್ಟು ಬೇಡ ಎನ್ನುತ್ತಾರೇನೋ ಎಂದು ನಾನು ಕಾಯುತ್ತಿದ್ದಾಗ, ಅವರು ಒಳಗೆ ಹೋಗಿ ಖಾಲಿ ಡಬ್ಬಿಯನ್ನು ತಂದು ಕೊಟ್ಟರು. ಯಾವಾಗಲೂ ಇರುತ್ತಿದ್ದ ಬ್ಲಾಗಿನ ಚೀಟಿ ಅದರಲ್ಲಿ ಇರಲಿಲ್ಲ.